ಯತೀಶ್ ತಂದ ಕೇಸು

ಮಂಡ್ಯದ ಹತ್ತಿರದ ಒಂದು ಕ್ರೈಸ್ತ ವಿಶ್ವವಿದ್ಯಾಲಯದಲ್ಲಿ ಮೇಧಾ ಕೌನ್ಸೆಲಿಂಗ್ ಎಂ.ಎಸ್ಸಿ. ಓದುವವರಿಗೆ ಪಾಠ ಮಾಡುತ್ತಿದ್ದಳು. ನೊಂದವರ ಮಾತನ್ನು ಕೇಳುವುದು ಹೇಗೆ ಅನ್ನುವುದೇ ಅವಳ ಪಾಠ. ನಡುವೆ ಬಾಯಿ ಹಾಕಬೇಡಿ, ಬುದ್ಧಿ ಹೇಳಬೇಡಿ, ಅಳು ಬಂದರೆ ಅಳಲು ಬಿಡಿ, ಕೇಳಿದ್ದು ನಿಮ್ಮೊಳಗೇ ಇರಲಿ. ಆ ವರ್ಷದ ತರಗತಿಯಲ್ಲಿ ಇದು ಎಲ್ಲರಿಗಿಂತ ಚೆನ್ನಾಗಿ ಒಲಿದದ್ದು ನಿಡಘಟ್ಟದ ಯತೀಶನಿಗೆ. ತೆಂಗಿನ ತೋಟ, ಕಬ್ಬಿನ ಗದ್ದೆ ಇದ್ದ ಗೌಡರ ಮನೆಯ ಹುಡುಗ. ಮೆತ್ತನೆ ದನಿ. ಎದುರಿಗಿದ್ದವರು ಮಾತು ನಿಲ್ಲಿಸಿದರೆ ತಾನೂ ಸುಮ್ಮನೆ ಕಾಯುತ್ತಿದ್ದ.

ಕೊನೆಯ ಸೆಮಿಸ್ಟರಿನಲ್ಲಿ ಪ್ರತಿಯೊಬ್ಬರೂ ತಾವು ಮಾತಾಡಿಸಿದ ಒಬ್ಬರ ಕೇಸನ್ನು ಹೆಸರು ಮುಚ್ಚಿಟ್ಟು ತರಗತಿಯಲ್ಲಿ ಹೇಳಬೇಕಿತ್ತು. ಯತೀಶ್ ಇಪ್ಪತ್ತು ತುಂಬಿದ ಒಬ್ಬ ಹುಡುಗಿಯ ಕೇಸು ತಂದ. ತಾನು ತರಬೇತಿಗೆ ಹೋಗುವ ಮದ್ದೂರಿನ ನರ್ಸಿಂಗ್ ಹೋಮಿಗೆ ಬಂದವಳು ಅಂದ. ಮನೆಯವರು ನೋಡಿದ ಗಂಡು ಬೇಡ ಅನ್ನುತ್ತಾಳೆ, ಯಾಕೆಂದು ಹೇಳುವುದಿಲ್ಲ, ಊಟ ಬಿಟ್ಟಿದ್ದಾಳೆ.

“ನಾನು ಒಂದು ಪ್ರಶ್ನೆನೂ ಕೇಳಲಿಲ್ಲ ಮ್ಯಾಮ್. ಸುಮ್ಮನೆ ಪಕ್ಕದಲ್ಲಿ ಕೂತೆ. ಕೊನೆಗೆ ಅವಳೇ ಎಲ್ಲಾ ಹೇಳ್ಕೊಂಡ್ಲು.”

ತರಗತಿ ಚಪ್ಪಾಳೆ ತಟ್ಟಿತು. ಮೇಧಾಳೂ ತಟ್ಟಿದಳು.

ಮುಂದಿನ ಶನಿವಾರ ಅವಳು ತರಬೇತಿಯಲ್ಲಿದ್ದ ವಿದ್ಯಾರ್ಥಿಗಳನ್ನು ನೋಡಲು ಮದ್ದೂರಿಗೆ ಹೋದಳು. ಕೆಲಸ ಮುಗಿಯುತ್ತಲೇ ಯತೀಶ್ ಗಂಟುಬಿದ್ದ. “ಅವ್ವ ನಿಮಗೋಸ್ಕರ ಒಬ್ಬಟ್ಟು ಮಾಡವ್ಳೆ ಮ್ಯಾಮ್. ಬರ್ಲೇಬೇಕು.” ಬೇಡ ಅನ್ನಲಾಗಲಿಲ್ಲ. ತನ್ನ ಕಾರಿನಲ್ಲೇ ಅವನನ್ನು ಕೂರಿಸಿಕೊಂಡು ನಿಡಘಟ್ಟಕ್ಕೆ ಹೋದಳು.

ಯತೀಶನ ತಾಯಿ ಹೊಂಬಾಳಮ್ಮ ಎಲೆ ಹಾಕಿ ಬಡಿಸಿದಳು. ತಂದೆ ಚಿಕ್ಕಣ್ಣ ಬಾಗಿಲ ಹತ್ತಿರ ಕೂತು ಎಲೆಯಡಿಕೆ ಜಗಿಯುತ್ತಿದ್ದ. ಒಬ್ಬಟ್ಟಿನ ಮೇಲೆ ತುಪ್ಪ ಸುರಿಯುತ್ತ ಹೊಂಬಾಳಮ್ಮ ಹೇಳಿದಳು, “ನಾಚ್ಕಬ್ಯಾಡಿ, ತಿನ್ನಿ ಕಣಮ್ಮ. ನೀವ್ ಕಲ್ಸಿದ್ ಇದ್ಯೆನೇ ನಮ್ಮನೆ ಮಾನ ಉಳಿಸ್ತು.”

“ಅವ್ವ, ಸುಮ್ನಿರು,” ಅಂದ ಯತೀಶ್. ಆದರೆ ಅವನ ಮುಖದಲ್ಲಿ ಹೆಮ್ಮೆಯಿತ್ತು.

“ಯಾಕ್ಲಾ ಸುಮ್ನಿರ್ಬೇಕು? ಪಾಠ ಕಲ್ಸಿದೋರ್ಗೆ ಯೋಳ್ದೆ ಇನ್ಯಾರ್ಗೆ ಯೋಳಾದು? ಇವ್ನ ತಂಗಿ ದೀಪಿಕ ಮದ್ವೆ ಬ್ಯಾಡ ಅಂತ ಅಟ ಇಡ್ಕಂಡು ಕೂತಿದ್ಲು ಕಣಮ್ಮ. ಅವ್ಳಪ್ಪ ಒಡ್ದ, ನಾನೂ ಒಡ್ದೆ. ಬಾಯೇ ಬುಡ್ನಿಲ್ಲ. ಇವ್ನು ಒಂದೇಟೂ ಒಡೀನಿಲ್ಲ. ದಿನಾ ಸಂಜೆ ಅವ್ಳ ಪಕ್ಕ ಕೂತ್ಕಂಡು, ಮೆತ್ಗೆ ಮೆತ್ಗೆ ಮಾತಾಡ್ಕಂಡು ಎಲ್ಲಾನೂ ಕಕ್ಕುಸ್ಬುಟ್ಟ.”

ಚಿಕ್ಕಣ್ಣ ಬಾಯಲ್ಲಿದ್ದುದನ್ನು ಹೊರಗೆ ಉಗಿದು ಬಂದ. “ಚಿಕ್ಕರಸಿನಕೆರೆ ಹುಡ್ಗ. ನಮ್ ಜಾತಿಯೋನಲ್ಲ. ನಮ್ ಹುಡುಗ್ರು ಓಗಿ ಅವ್ನ ಕೈ ಮುರ್ದು ಬಂದವ್ರೆ. ಇನ್ನು ಈ ಕಡಿಕ್ ತಲೆ ಆಕಲ್ಲ ಬುಡಿ.”

ಮೇಧಾ ಯತೀಶನ ಕಡೆ ತಿರುಗಿದಳು. “ನರ್ಸಿಂಗ್ ಹೋಮಿಗೆ ಬಂದವಳು ಅಂದೆಯಲ್ಲ?”

“ಯಾರೂಂತ ಗೊತ್ತಾಗಬಾರದು ಅಂತ ನೀವೇ ಹೇಳಿದ್ರಲ್ಲ ಮ್ಯಾಮ್. ಅದಕ್ಕೇ ಊರು, ಮನೆ ಎಲ್ಲಾ ಬದಲಾಯಿಸಿದೆ.” ಅವನು ಮುಗುಳ್ನಕ್ಕ. ಮೆಚ್ಚುಗೆಗೆ ಕಾಯುವ ಮಗುವಿನ ನಗು.

ಬಾಯಲ್ಲಿದ್ದ ಹೂರಣ ಒಮ್ಮೆಲೇ ಅಂಟಂಟಾಯಿತು. ನುಂಗಲಾಗಲಿಲ್ಲ. ಮೇಧಾ ಎದ್ದು, ಕೈ ತೊಳೆಯುವವಳಂತೆ ಹಿತ್ತಲಿಗೆ ನಡೆದು, ಬಚ್ಚಲ ಕಲ್ಲಿನ ಮೇಲೆ ಎಲ್ಲವನ್ನೂ ಉಗಿದಳು.

ಅಲ್ಲಿ ಪಾತ್ರೆ ತೊಳೆಯುತ್ತಿದ್ದ ಹುಡುಗಿ ಏನೂ ಕೇಳದೆ ಒಂದು ಚೊಂಬು ನೀರು ಕೊಟ್ಟಳು. ಕೆನ್ನೆಯ ಮೇಲೆ ಹಳದಿಗಟ್ಟಿದ ಬಾಸುಂಡೆ. ಮೇಧಾ ಬಾಯಿ ಮುಕ್ಕಳಿಸಿ, ಅವಳೆದುರು ಕುಕ್ಕರುಗಾಲಲ್ಲಿ ಕೂತು, ತಲೆ ಒಂದಿಷ್ಟು ಓರೆ ಮಾಡಿ, “ದೀಪಿಕ, ನಿನಗೆ ತುಂಬಾ...” ಅಂತ ಶುರುಮಾಡಿದಳು.

“ಅಂಗ್ ಕೂತ್ಕಬ್ಯಾಡಿ ಮಿಸ್,” ಅಂದಳು ದೀಪಿಕ. “ಅಣ್ಣನೂ ಇಂಗೇ ಕೂತ್ಕತಿದ್ದ. ಇದೇ ದನಿ.”

ಮೇಧಾ ಸಟ್ಟನೆ ಎದ್ದು ನಿಂತಳು. ತನ್ನ ಓರೆಯಾದ ಕತ್ತು, ತಗ್ಗಿದ ದನಿ, ವರ್ಷಗಟ್ಟಲೆ ತಿದ್ದಿ ತೀಡಿ ಮಕ್ಕಳಿಗೆ ಕಲಿಸಿದ ಎಲ್ಲದರ ಮೇಲೂ ಹೇಸಿಗೆ ಹುಟ್ಟಿತು.

“ಸರಿ. ನಾನು ಏನೂ ಕೇಳಲ್ಲ. ಹೊರಗೆ ನನ್ನ ಕಾರಿದೆ. ಎಲ್ಲಿಗಾದ್ರೂ ಹೋಗ್ಬೇಕಾ?”

ದೀಪಿಕ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. “ಮಳವಳ್ಳಿಲಿ ನಮ್ಮ ಸೋದರತ್ತೆ ಅವ್ರೆ. ಮುದ್ದಮ್ಮ ಅಂತ. ಅಪ್ಪಂಗೂ ಅವ್ರಿಗೂ ಮಾತಿಲ್ಲ. ಅಲ್ಲಿದ್ರೆ ಪರೀಕ್ಷೆನಾರ ಬರೀಬೋದು.”

“ನಡಿ.”

ಉಟ್ಟ ಬಟ್ಟೆಯಲ್ಲೇ ಅವಳು ಹೊರಟಳು. ನಡುಮನೆಯಲ್ಲಿ ಚಿಕ್ಕಣ್ಣ ಅಡ್ಡ ನಿಂತ. “ಊಟಕ್ ಬಂದೋರು ಊಟ ಮಾಡ್ಕಂಡ್ ಓಗಿ. ನಮ್ಮನೆ ಉಸಾಬರಿ ನಿಮಗ್ಯಾಕೆ?”

ಮೇಧಾ ಫೋನ್ ಕೈಗೆ ತಗೊಂಡಳು. “ಅವಳಿಗೆ ಇಪ್ಪತ್ತು ತುಂಬಿದೆ. ತಡೆದರೆ ಇಲ್ಲಿಂದಲೇ ಪೊಲೀಸರಿಗೆ ಫೋನ್ ಮಾಡ್ತೀನಿ. ಕೈ ಮುರಿದವರು ಯಾರು ಅಂತ ನೀವೇ ಹೇಳಿದ್ರಿ.”

ಚಿಕ್ಕಣ್ಣ ಹೆಂಡತಿಯ ಮುಖ ನೋಡಿದ. ಅಷ್ಟರಲ್ಲಿ ಯತೀಶ್ ಹತ್ತಿರ ಬಂದ. ದನಿ ತಗ್ಗಿಸಿ, ಕಣ್ಣಲ್ಲಿ ಕಣ್ಣಿಟ್ಟು, “ಮ್ಯಾಮ್, ನಿಮಗೆ ಈಗ ತುಂಬಾ ಕೋಪ ಬಂದಿದೆ ಅನ್ಸುತ್ತೆ. ನಿಮ್ಮ ಜಾಗದಲ್ಲಿದ್ದಿದ್ರೆ ನನಗೂ...” ಅಂದ.

“ಬಾಯ್ಮುಚ್ಚೋ!” ಅಂದಳು ಮೇಧಾ. ಯಾವ ವಿದ್ಯಾರ್ಥಿಯನ್ನೂ ಅವಳು ಹಾಗೆ ಗದರಿಸಿದ್ದಿಲ್ಲ. ಹೊಂಬಾಳಮ್ಮ ಬಾಯಿಗೆ ಸೆರಗು ಹಿಡಿದು ಅಳತೊಡಗಿದಳು. ಚಿಕ್ಕಣ್ಣ ಪಕ್ಕಕ್ಕೆ ಸರಿದ.

ಮೇಧಾ ಕಾರನ್ನು ನೇರ ಮಳವಳ್ಳಿಗೆ ಬಿಟ್ಟಳು. ಮುದ್ದಮ್ಮ ಬಾಗಿಲು ತೆಗೆದವಳು ಸೋದರಸೊಸೆಯ ಕೆನ್ನೆ ನೋಡಿ, “ಒಳೀಕ್ ಬಾ,” ಅಂದಳು. ಅಷ್ಟೇ ಅಂದಳು.

ಸೋಮವಾರ ಮೇಧಾ ವಿಭಾಗದ ನಿರ್ದೇಶಕರಾಗಿದ್ದ ಫಾದರ್ ಹತ್ತಿರ ಹೋಗಿ ನಡೆದದ್ದೆಲ್ಲ ಹೇಳಿದಳು. ಯತೀಶನನ್ನು ತೆಗೆದುಹಾಕಿ ಅಂದಳು. ಫಾದರ್ ಅವನನ್ನು ಕರೆಸಿ ಮಾತಾಡಿದರು. ಮರುದಿನ ಮೇಧಾಳನ್ನು ಕರೆದು, “ನನ್ನೆದುರು ಅತ್ತುಬಿಟ್ಟ ಮೇಧಾ. ತಪ್ಪಾಯ್ತು ಅಂತ ಕ್ಷಮೆ ಕೇಳಿದ,” ಅಂದರು.

“ನಿಮ್ಮ ಹತ್ತಿರ ಯಾಕೆ ಕೇಳಿದ ಫಾದರ್? ನೀವು ಅವನ ತಂಗಿನಾ?”

ಕೊನೆಗೆ ವಯಸ್ಸಾದ ಫಾದರ್ ಅವನನ್ನು ಕೌನ್ಸೆಲಿಂಗಿನಿಂದ ಬಿಡಿಸಿ, ಬರೀ ಮನಶ್ಶಾಸ್ತ್ರದ ಪದವಿಗೆ ಹಾಕಿದರು. ಅದಕ್ಕಿಂತ ಹೆಚ್ಚು ಅವರಿಂದ ಆಗಲಿಲ್ಲ. ಅದು ಸಾಲದು ಅಂತ ಮೇಧಾ ಬರೆದುಕೊಟ್ಟಳು. ಏನೂ ಬದಲಾಗಲಿಲ್ಲ.

ವರ್ಷವಾಗುವುದರೊಳಗೆ ಮದ್ದೂರಿನಲ್ಲಿ ಒಂದು ಫ್ಲೆಕ್ಸ್ ಕಂಡಿತು. ‘ಮಕ್ಕಳ ಮನಸ್ಸು ಗೆಲ್ಲುವುದು ಹೇಗೆ? ಹೆತ್ತವರಿಗೆ ಉಚಿತ ಸಲಹೆ.’ ಕೋಟು ತೊಟ್ಟ ಯತೀಶ್ ತಲೆ ಓರೆ ಮಾಡಿ ನಗುತ್ತಿದ್ದ. ಕೆಳಗೆ ಆಗಲೇ ಜನ ನಿಂತು ನಂಬರು ಬರೆದುಕೊಳ್ಳುತ್ತಿದ್ದರು. ಮೇಧಾ ಕಾರು ನಿಲ್ಲಿಸದೆ ಮುಂದೆ ಹೋದಳು.

ಆ ಸಂಜೆ ಅವಳು ಮುದ್ದಮ್ಮನಿಗೆ ಫೋನ್ ಮಾಡಿ ದೀಪಿಕ ಹೇಗಿದ್ದಾಳೆ ಅಂತ ಕೇಳಿದಳು.

“ಪಾಸಾದ್ಲು ಕಣವ್ವ. ಇಲ್ಲೇ ಔಷಧಿ ಅಂಗ್ಡಿಗೆ ಕೆಲ್ಸಕ್ ಓಯ್ತಳೆ. ಬಯ್ದ್ರೆ ಬಯ್ಸ್ಕತಳೆ, ರೇಗುದ್ರೆ ನಗ್ತಳೆ. ಆದ್ರೆ ಯಾರಾರ ವಸಿ ಪ್ರೀತಿಯಿಂದ ಪಕ್ಕ ಕೂತು ‘ಏನವ್ವ ನಿನ್ ಕಷ್ಟ’ ಅಂದ್ರೆ ಸಾಕು, ಎದ್ದು ಆಚಿಕ್ ಓಗ್ಬುಡ್ತಳೆ.”