ಕತ್ತಾಳೆ ಬೇಲಿಯ ಅಂಚು

ಚುಕ್ಕಿಗೆ ಅಳತೆ ಹಾಕುವವಳು ಎಂದು ಬಿಳಿಗೆರೆಯಲ್ಲಿ ಅನಿತಾಳಿಗೆ ಹೆಸರು. ಆ ಹೆಸರು ಕೊಟ್ಟವರು ಪಕ್ಕದ ತೋಟದ ಬೆಟ್ಟಸ್ವಾಮಿ. ಸಂಬಂಧದಲ್ಲಿ ಅವಳಿಗೆ ದೊಡ್ಡಪ್ಪ. ಟೀ ಅಂಗಡಿಯಲ್ಲಿ ಯಾರೇ ಸಿಗಲಿ, "ನಮ್ಮುಡುಗಿ ಪುಣೆಲಿ ಕೂತ್ಕಂಡು ಚುಕ್ಕಿಗೆ ಅಳತೆ ಇಕ್ತಾಳೆ ಕಣ್ಲಾ" ಎಂದು ಕೊಚ್ಚಿಕೊಳ್ಳುವುದು ಅವರ ಚಾಳಿ. ಅಂಥವರ ಮೇಲೇ ಅವಳು ಬೇಲಿ ಒತ್ತಿದ ಆರೋಪ ಹೊರಿಸಿದ್ದಳು. ಓದು ತಲೆಗೇರಿದರೆ ಹೀಗೂ ಆಗುತ್ತದೆ.

ಅಮ್ಮ ಪುಟ್ಟಗೌರಮ್ಮನ ಮಂಡಿ ಆಪರೇಷನ್ನಿಗೆಂದು, ಪುಣೆಯಲ್ಲಿ ಖಗೋಳ ವಿಜ್ಞಾನಿಯಾಗಿದ್ದ ಅನಿತಾ ಲ್ಯಾಪ್‌ಟಾಪ್ ಸಮೇತ ಊರಿಗೆ ಬಂದಿದ್ದಳು. ಬೇಸರ ಕಳೆಯಲು ಒಂದು ದಿನ ಫೋನಿನಲ್ಲಿ ತೋಟದ ಉಪಗ್ರಹ ಚಿತ್ರ ತೆಗೆದು ನೋಡಿದಳು. ತಾನು ಕಾಲೇಜಿಗೆ ಹೋಗುತ್ತಿದ್ದ ಕಾಲದ್ದೊಂದು, ಈಚಿನದೊಂದು. ಎರಡು ತೋಟಗಳ ನಡುವಿನ ಕತ್ತಾಳೆ ಬೇಲಿಯ ಅಂಚು ಇವರ ಕಡೆಗೆ ಒಂದು ಮಾರು ಸರಿದಿತ್ತು. ಗಡಿಯ ಬಾಂದುಕಲ್ಲು ಹುಡುಕಿದರೆ ಅದೂ ಕಾಣಲಿಲ್ಲ.

"ಅವ್ನು ಅಂಥೋನಲ್ಲ ಕಣೇ. ಬಾಯ್ಮುಚ್ಕಂಡು ಇರು" ಎಂದರು ಪುಟ್ಟಗೌರಮ್ಮ.

"ಚಿತ್ರ ಸುಳ್ಳು ಹೇಳ್ತದೇನಮ್ಮ?" ಎಂದಳು ಅನಿತಾ. ಸುಮ್ಮನಿರುವ ಜಾಯಮಾನ ಅವಳದಲ್ಲ. ಗುಡಿಯ ಮುಂದಿನ ಕಟ್ಟೆಯಲ್ಲಿ ನಾಲ್ಕು ಜನ ಹಿರಿಯರನ್ನು ಸೇರಿಸಿ ಫೋನನ್ನು ಕೈಯಿಂದ ಕೈಗೆ ದಾಟಿಸಿದಳು. ಬೆಟ್ಟಸ್ವಾಮಿ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ನಾನು ಬೇಲಿ ಮುಟ್ಟಿಲ್ಲ ಕಣಪ್ಪ. ಕಲ್ಲು ಎಲ್ಲೋಯ್ತೋ ನಂಗೂ ತಿಳೀದು" ಎಂದರು. ಸರ್ವೆಯವರು ಬರುವುದು ಯಾವ ಕಾಲಕ್ಕೋ. ಆಣೆ ಆಗಲಿ ಎಂದರು ಹಿರಿಯರು. ಆಗಲಾದರೂ ಅವಳು ಬೇಡ ಎನ್ನಬಹುದಾಗಿತ್ತು. ಅನ್ನಲಿಲ್ಲ.

ಬೆಟ್ಟಸ್ವಾಮಿ ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲಿ ನಡುಗುತ್ತ ಗುಡಿಯ ದೇವಿಯ ಮುಂದೆ ನಿಂತು ಕರ್ಪೂರ ಆರಿಸಿ ಆಣೆ ಮಾಡಿದರು. ಎಪ್ಪತ್ತು ದಾಟಿದ ಜೀವ ಊರ ದೇವರ ಮುಂದೆ ಹೀಗೆ ನಿಂತಿದ್ದು ಅದೇ ಮೊದಲು. ಪೂಜಾರಿ ಮಲ್ಲಿಕಾರ್ಜುನಯ್ಯ "ಮುಗೀತು, ಎಲ್ಲಾ ಮನೆಗ್ ನಡೀರಿ" ಎಂದರು. ಅನಿತಾ ಮನೆಗೆ ಬಂದವಳು, ದೇವರಿಗಿಂತ ಉಪಗ್ರಹಕ್ಕೆ ಕಣ್ಣು ಚುರುಕು ಎಂದು ಅಮ್ಮನ ಮುಂದೆ ನಕ್ಕಿದ್ದಳು.

ಅದಾದ ಮೇಲೆ ಬೇಲಿಯ ಈಚೆ, ಇವರ ತೋಟದಲ್ಲಿ, ಒಣಗಿ ಬಿದ್ದ ತೆಂಗಿನಕಾಯಿಗಳು ಕಾಣತೊಡಗಿದವು. ಅಲ್ಲಿ ಇವರ ಮರವೇ ಇಲ್ಲ. ಬೆಟ್ಟಸ್ವಾಮಿಯೇ ಆಚೆಯಿಂದ ಎಸೆಯುತ್ತಿದ್ದಾರೆಂದು ಕೆಲಸದ ತಿಮ್ಮಕ್ಕ ಹೇಳಿದಳು. "ನೋಡಮ್ಮ, ಮಾಡಿದ ತಪ್ಪು ಅವರಿಗೇ ಚುಚ್ತಾ ಇದೆ" ಎಂದಳು ಅನಿತಾ. ಪುಟ್ಟಗೌರಮ್ಮ ಮುಖ ತಿರುಗಿಸಿಕೊಂಡರು.

ಇತ್ತ ಅವಳ ಸಂಶೋಧನಾ ಲೇಖನವೊಂದು ತಿದ್ದಿ ಕಳಿಸಿ ಎಂದು ಪತ್ರಿಕೆಯಿಂದ ವಾಪಸು ಬಂದಿತ್ತು. ಸಾಯುವ ಕಾಲಕ್ಕೆ ಕೆಲವು ನಕ್ಷತ್ರಗಳು ಮೈಮೇಲಿನ ಅನಿಲವನ್ನು ಹೊರಗೆ ಊದಿಬಿಡುತ್ತವೆ. ಅದು ಹಿಗ್ಗುತ್ತ ಹೋಗುತ್ತದೆ. ಗ್ರಹಕ್ಕೂ ಅದಕ್ಕೂ ಸಂಬಂಧವಿಲ್ಲದಿದ್ದರೂ ಗ್ರಹ ನೀಹಾರಿಕೆ ಎಂದೇ ಹೆಸರು. ರೇಡಿಯೋ ದೂರದರ್ಶಕದಿಂದ ಅದರ ಚಿತ್ರ ಒಮ್ಮೆ ತೆಗೆದು, ಹಲವು ವರ್ಷ ಬಿಟ್ಟು ಮತ್ತೆ ತೆಗೆದರೆ ಅದರ ಅಂಚು ಆಕಾಶದಲ್ಲಿ ಎಷ್ಟು ಸರಿಯಿತೆಂದು ಕಾಣುತ್ತದೆ. ಅನಿಲದ ವೇಗ ಅದರ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿದರೆ ಸಿಗುತ್ತದೆ. ಎರಡನ್ನೂ ಹೊಂದಿಸಿದರೆ ಅದು ನಮ್ಮಿಂದ ಎಷ್ಟು ದೂರವೆಂಬ ಲೆಕ್ಕ. ಲೇಖನ ಪರಿಶೀಲಿಸಿದ ಪುಣ್ಯಾತ್ಮರು ಕೇಳಿದ್ದರು: ಈ ಲೆಕ್ಕದಲ್ಲಿ ನೀವು ಮಾಡಿರುವ ತಿದ್ದುಪಡಿ ಯಾಕೆ ಬೇಕು, ಬಿಡಿಸಿ ಬರೆಯಿರಿ.

ಅನಿತಾಳಿಗೆ ಇದು ನೀರು ಕುಡಿದಷ್ಟು ಸಲೀಸು. ಮಧ್ಯಾಹ್ನ ಊಟ ಮುಗಿಸಿ ಜಗಲಿಯಲ್ಲಿ ಕೂತು ಬರೆಯತೊಡಗಿದಳು. ನಮಗೆ ಕಾಣುವುದು ಅನಿಲದ ಅಂಚಲ್ಲ, ಹೊಳಪಿನ ಅಂಚು. ಒಳಗಿನ ನಕ್ಷತ್ರದ ಬೆಳಕು ಹೊರಗಿನ ಅನಿಲಕ್ಕೂ ತಗುಲಿ ಅದನ್ನೂ ಹೊಳೆಯಿಸುತ್ತ ಹೋಗುವುದರಿಂದ ಅಂಚು ಅನಿಲಕ್ಕಿಂತ ಬೇಗ ಸರಿಯುತ್ತದೆ. ಇದನ್ನು ಮರೆತವರಿಗೆ ದೂರದ ನೀಹಾರಿಕೆ ಹತ್ತಿರದ್ದೆಂದು ಲೆಕ್ಕ ಬರುತ್ತದೆ. ಎರಡು ಚಿತ್ರಗಳ ನಡುವೆ ಅಂಚು ಸರಿದಿದೆ ಎಂದ ಮಾತ್ರಕ್ಕೆ ಅಲ್ಲಿದ್ದದ್ದನ್ನು ಯಾರೋ ಅಷ್ಟು ದೂರ ತಳ್ಳಿದರು ಎನ್ನಲಾಗದು.

ಅಷ್ಟು ಬರೆದು ಕೈ ನಿಂತಿತು. ತಾನೇ ಬರೆದದ್ದನ್ನು ಇನ್ನೊಮ್ಮೆ ಓದಿದಳು. ಕತ್ತಾಳೆ ಬೇಲಿ ನೆನಪಾಯಿತು.

ಮಚ್ಚು ಹಿಡಿದು ಚಪ್ಪಲಿಯನ್ನೂ ಮೆಟ್ಟದೆ ತೋಟಕ್ಕೆ ಓಡಿದಳು. ಇವರ ಕಡೆ ಹನಿ ನೀರಾವರಿಯ ಪೈಪು ಹಾಕಿ ವರ್ಷಗಳಾಗಿದ್ದವು. ಆ ತೇವಕ್ಕೆ ಕತ್ತಾಳೆ ಮರಿ ಹಾಕಿ, ಮರಿಯ ಮರಿ ಹಾಕಿ ಈಚೆಗೇ ಹಬ್ಬಿತ್ತು. ಬೇಲಿಯನ್ನು ಯಾರೂ ಸರಿಸಿರಲಿಲ್ಲ, ಅದು ದಪ್ಪವಾಗಿತ್ತು ಅಷ್ಟೆ. ಆಚೆಯ ಅಂಚು ಬೆಟ್ಟಸ್ವಾಮಿಯ ಮರಗಳ ಗರಿಯ ಕೆಳಗೆ ಮರೆಯಾಗಿದ್ದರಿಂದ ಚಿತ್ರದಲ್ಲಿ ಅವಳಿಗೆ ಕಂಡದ್ದು ಒಂದೇ ಅಂಚು. ಮುಳ್ಳಿಗೆ ಕಾಲು ತರಚಿಸಿಕೊಂಡು ಕಡಿಯುತ್ತ ಹೋದಳು. ಬೇಲಿಯ ಆಚೆಯ ಅಂಚಿನಲ್ಲಿ, ಹಳೆಯ ಬುಡಗಳ ನಡುವೆ, ಬಾಂದುಕಲ್ಲು ಪಾಚಿ ಕಟ್ಟಿಕೊಂಡು ನಿಂತಿತ್ತು. ಅದರಾಚೆಗೇ ದೊಡ್ಡಪ್ಪನ ಮರಗಳ ಮೊದಲ ಸಾಲು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ.

ಬೆಟ್ಟಸ್ವಾಮಿ ಮನೆಯಂಗಳದಲ್ಲಿ ಕಾಯಿ ಸುಲಿಯುತ್ತಿದ್ದರು. ಅವಳ ಕಾಲಿನ ರಕ್ತ ನೋಡಿ ಎದ್ದರು.

"ದೊಡ್ಡಪ್ಪ, ತಪ್ಪಾಯ್ತು" ಎಂದಳು.

ಅವರು ಬೇರೇನೋ ಅಂದುಕೊಂಡರು. "ಕಾಯಿ ಕಮ್ಮಿ ಬಿದ್ವಾ? ಬೇಲಿ ಪಕ್ಕದ ಸಾಲಿನ್ ಕಾಯಿ ಒಂದೂ ಇಟ್ಕಂಡಿಲ್ಲ ಕಣವ್ವ. ಎಲ್ಲಾ ನಿಮ್ ಕಡೀಕೇ ಎಸ್ದಿವ್ನಿ. ಬೇಲಿ ಒಂದು ಮಾರು ಒತ್ತಿದ್ ಮ್ಯಾಲೆ ಆ ಸಾಲು ನಿಮ್ದೇ ಅಲ್ವಾ."

"ನಮ್ದಲ್ಲ ದೊಡ್ಡಪ್ಪ! ಯಾರ್ ಹೇಳಿದ್ದು ನಮ್ದು ಅಂತ?"

"ನೀನೇ ಹೇಳಿದ್ದಲ್ವಾ." ಬೆಟ್ಟಸ್ವಾಮಿ ಪಂಚೆಗೆ ಕೈ ಒರೆಸಿಕೊಂಡರು. "ನೀನು ಚುಕ್ಕಿ ಅಳ್ಯೋಳು. ನಿನ್ ಲೆಕ್ಕ ತಪ್ತದಾ? ನಂಗೆ ವಯಸ್ಸಾಯ್ತು, ಮರ್ವು. ಯಾವಾಗ್ಲೋ ಒತ್ತಿದ್ನೇನೋ, ಮರ್ತು ಆಣೆ ಇಕ್ಬುಟ್ಟೆ. ಅದ್ಕೇ ಆವತ್ನಿಂದ ಗುಡಿ ಬಾಗ್ಲಿಗೆ ಹೋಗಿಲ್ಲ. ಯಾವ ಮಕ ಇಟ್ಕಂಡು ಹೋಗ್ಲಿ?"

ಬೈದಿದ್ದರೆ, ಅಟ್ಟಿದ್ದರೆ ಅನಿತಾ ತಡೆದುಕೊಳ್ಳುತ್ತಿದ್ದಳು. ಒಬ್ಬ ಸತ್ಯವಂತ ತನ್ನನ್ನೇ ಕಳ್ಳನೆಂದು ನಂಬಿ ಕೂತಿದ್ದಾನೆ, ಅದೂ ಅವಳ ಮೇಲಿನ ಅಭಿಮಾನಕ್ಕೆ. ಕೈ ಹಿಡಿದು ಅವರನ್ನು ಬೇಲಿಯ ಹತ್ತಿರ ಕರೆತಂದಳು. ಕಲ್ಲು ತೋರಿಸಿದಳು.

ಬೆಟ್ಟಸ್ವಾಮಿ ಕುಕ್ಕರುಗಾಲಲ್ಲಿ ಕೂತು ಕಲ್ಲಿನ ಪಾಚಿಯನ್ನು ಉಗುರಿನಿಂದ ಕೆರೆದರು. ತಲೆಯೆತ್ತಿ ಕೇಳಿದರು: "ಹಂಗಾದ್ರೆ ನಾನು ಸುಳ್ಳು ಆಣೆ ಇಕ್ಲಿಲ್ವೇನವ್ವಾ?"

"ಇಲ್ಲ ದೊಡ್ಡಪ್ಪ. ಸುಳ್ಳು ನಂದು."

ಅವರು ಟವೆಲಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ದನಿ ತಗ್ಗಿಸಿ, "ಯಾರ್ ಮುಂದೂ ಅನ್ಬೇಡ ಕಣವ್ವ. ಓದ್ದೋಳು ನೀನು, ನಿನ್ ಮರ್ವಾದೆ ಹೋಗ್ತದೆ. ನಂಗ್ ಗೊತ್ತಾಯ್ತಲ್ಲ, ಸಾಕು ಬುಡು" ಎಂದರು.

ಅನಿತಾ ಬೇಲಿ ದಾಟಿ ಗುಡಿಯ ದಾರಿ ಹಿಡಿದಳು. ಹಿಂದಿನಿಂದ "ಲೇ ಅನಿತಾ, ಬ್ಯಾಡ ಕಣವ್ವ" ಎಂದು ದೊಡ್ಡಪ್ಪ ಕೂಗುತ್ತಿದ್ದರು. ಕಟ್ಟೆಯಲ್ಲಿ ಆವತ್ತಿನ ಹಿರಿಯರು ಕೂತಿದ್ದರು, ಮಲ್ಲಿಕಾರ್ಜುನಯ್ಯನವರು ಗುಡಿಯ ಬಾಗಿಲು ತೆಗೆಯುತ್ತಿದ್ದರು. ಅನಿತಾ ಅಲ್ಲಿ ಕೊಳಾಯಿಯ ಕೆಳಗೆ ತುಂಬಿದ್ದ ಬಿಂದಿಗೆ ಎತ್ತಿ, ಆವತ್ತು ದೊಡ್ಡಪ್ಪ ಮಾಡಿದಂತೆಯೇ, ತಲೆಯ ಮೇಲೆ ಸುರಿದುಕೊಂಡಳು. ಎಲ್ಲರೂ ಎದ್ದು ನಿಂತರು.