ಒಂದೂವರೆಗೆ ಬಡಿದುಕೊಂಡ ಗಡಿಯಾರಗಳು

ಗಡಿಯಾರ ರಿಪೇರಿ ಅಂಗಡಿಗೆ ಹೋಗಿ ಗಂಟೆ ಎಷ್ಟು ಎಂದು ಕೇಳುವಷ್ಟು ದಡ್ಡತನ ಇನ್ನೊಂದಿಲ್ಲ. ನಮ್ಮ ಯಜಮಾನನ ಅಂಗಡಿಯಲ್ಲಿ ಅರವತ್ತು ಗಡಿಯಾರಗಳಿದ್ದವು, ಒಂದಕ್ಕೂ ಇನ್ನೊಂದಕ್ಕೂ ಮಾತುಕತೆ ಇರಲಿಲ್ಲ. ನಿಜವಾದ ಸಮಯ ಗೊತ್ತಿದ್ದದ್ದು ರಿಪೇರಿ ಮಾಡುವ ದೊಡ್ಡಪ್ಪನಿಗೆ ಮಾತ್ರ. ದೊಡ್ಡಪ್ಪ ಎಂದರೆ ರಕ್ತಸಂಬಂಧವೇನಲ್ಲ, ಧರ್ಮವೂ ಒಂದಲ್ಲ. ಯಜಮಾನ ಚಿಕ್ಕಂದಿನಲ್ಲಿ ಅವರ ಬೆಂಚಿನ ಕೆಳಗೆ ಮಲಗಿ ಬೆಳೆದವನು, ಹಾಗೆ ಕರೆದು ರೂಢಿಯಾಗಿತ್ತು.

ಮಧ್ಯಾಹ್ನ ಒಂದೂವರೆ ಆಯಿತೆಂದರೆ ದೊಡ್ಡಪ್ಪ ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆದಿಟ್ಟು, ಕೈ ತೊಳೆದು, ಒಳಗಿನ ಕೋಣೆಯಲ್ಲಿ ಪ್ರಾರ್ಥನೆಗೆ ಕೂರುವರು. ಆಗ ಅಂಗಡಿ ನಡೆಸುತ್ತಿದ್ದ ಯಜಮಾನನ ಅಪ್ಪನ ದೇವರು ಬೇರೆ, ದೊಡ್ಡಪ್ಪನ ದೇವರು ಬೇರೆ. ಆದರೂ ಒಂದೂವರೆಗೆ ಅಪ್ಪ ಬಾಗಿಲೆಳೆದು ಊಟಕ್ಕೆ ಹೋಗುತ್ತಿದ್ದರಿಂದ ಇಪ್ಪತ್ತೆರಡು ವರ್ಷ ಆ ದೇವರುಗಳ ನಡುವೆ ಒಂದು ತಕರಾರೂ ಬರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಮಗ ಬಾಗಿಲೆಳೆಯುವುದನ್ನು ಬಿಟ್ಟ. ಆಫೀಸಿನವರಿಗೆ ಬಿಡುವಾಗುವುದೇ ಊಟದ ಹೊತ್ತಿನಲ್ಲಿ ಎಂಬುದು ಅವನ ವಾದ. ಗಡಿಯಾರದ ಬೆನ್ನು ಬಿಚ್ಚಲು ಅವನಿಗೆ ಬಾರದು. ಬರುತ್ತಿದ್ದದ್ದು "ಬನ್ನಿ ಬನ್ನಿ" ಅನ್ನುವುದೊಂದೇ. ಗಿರಾಕಿಯ ನೆರಳು ಬಿದ್ದರೂ ಸಾಕು, ಆ ಮಾತು ತಾನಾಗಿ ಉದುರುತ್ತಿತ್ತು. ಆಮೇಲೆ ಒಳಗೆ ತಿರುಗಿ, "ದೊಡ್ಡಪ್ಪಾ, ಒಂದೇ ನಿಮಿಷ." ದೊಡ್ಡಪ್ಪ ಪ್ರಾರ್ಥನೆ ಅರ್ಧಕ್ಕೆ ಬಿಟ್ಟು ಎದ್ದು ಬರುವರು. ಮರ್ಯಾದಸ್ಥರು, ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಎರಡು ವರ್ಷ ಆಡದ ಮಾತನ್ನು ಒಂದು ಸೋಮವಾರ ಆಡಿದರು. "ಸೇತುವೆ ಆಚೆ ಅಂಗಡಿಯವರು ಕರೀತಿದ್ದಾರಪ್ಪ. ಅಲ್ಲಿ ಅರ್ಧ ಗಂಟೆ ಯಾರೂ ಕೂಗಲ್ವಂತೆ. ಈ ತಿಂಗಳು ಮುಗಿಸ್ಕೊಂಡು ಹೊರಡ್ತೀನಿ."

ಯಜಮಾನನಿಗೆ ಅಂಗಡಿ ಮುಳುಗೀತೆಂಬ ಭಯವಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ, ದೊಡ್ಡಪ್ಪ ಇಲ್ಲದ ಆ ಬೆಂಚನ್ನು ನೋಡುವ ಶಕ್ತಿ ಅವನಿಗಿರಲಿಲ್ಲ. ಮರುದಿನವೇ 'ಬಿಡುವು' ಎಂದು ಬೋರ್ಡು ತಗುಲಿಸಿ ಬಾಗಿಲು ಹಾಕಿದ. ಯಾರೋ ತಟ್ಟಿದರು. ತೆಗೆದು "ಬನ್ನಿ ಬನ್ನಿ" ಎಂದ. ಮೂರು ದಿನ ಇದೇ ಕಥೆ.

ಕೈಗಡಿಯಾರಗಳಿಗೆ ಬೆಲ್ಟು ಹಾಕುವ ಬೆಲ್ಟಕ್ಕನಿಗೆ ತಡೆಯಲಾಗಲಿಲ್ಲ. ಅವಳದು ಮೂರನೆಯ ದೇವರು, ಆದರೆ ಅವಳ ಬಾಯಿಗೆ ಹೆದರಿ ಅವಳ ಪ್ರಾರ್ಥನೆಗೆ ಯಾರೂ ಅಡ್ಡ ಬರುತ್ತಿರಲಿಲ್ಲ. "ಬೀಗ ಹಾಕ್ಬೇಕಾದ್ದು ಬಾಗಿಲಿಗಲ್ಲ ತಮ್ಮಾ, ನಿನ್ನ ಬಾಯಿಗೆ," ಎಂದಳು.

ಆಗ ಯಜಮಾನನಿಗೆ ಹೊಳೆಯಿತು ಉಪಾಯ. ರಿಪೇರಿಯಾಗಿ ಗಿರಾಕಿಗಳಿಗಾಗಿ ಕಾದಿದ್ದ ಹದಿನೆಂಟು ಅಲಾರಂ ಗಡಿಯಾರಗಳನ್ನು ಸಾಲಾಗಿ ನಿಲ್ಲಿಸಿ, ಎಲ್ಲದರ ಅಲಾರಂ ಮುಳ್ಳನ್ನೂ ಒಂದೂವರೆಗೆ ತಿರುಗಿಸಿದ. ಆ ಗಲಾಟೆಯಲ್ಲಾದರೂ ತನ್ನ ಬಾಯಿಗೆ ಎಚ್ಚರ ಬಂದೀತು ಎಂದು. ಗಡಿಯಾರಗಳು ಒಟ್ಟಿಗೆ ಹೊಡೆಯುವುದುಂಟೆ? ಒಂದಾದ ಮೇಲೊಂದು ಒಂದೂಕಾಲಿನಿಂದ ಎರಡರವರೆಗೂ ಅರಚಿದವು. ದೊಡ್ಡಪ್ಪ ಪ್ರಾರ್ಥನೆ ಬಿಟ್ಟು ಎದ್ದು ಬಂದರು. ಹೊರಟು ನಿಂತ ಮನುಷ್ಯ, ಆದರೂ ತಪ್ಪು ಹೊತ್ತಿಗೆ ಅರಚುವ ಗಡಿಯಾರ ಕಂಡರೆ ಸುಮ್ಮನಿರದ ಜೀವ. ಹದಿನೆಂಟನ್ನೂ ಸೆಕೆಂಡು ಬಿಡದೆ ಹೊಂದಿಸಿಟ್ಟು ಒಳಗೆ ಹೋದರು.

ಆ ವಾರವೇ ಗಿರಾಕಿಗಳು ಬಂದು ತಮ್ಮ ತಮ್ಮ ಗಡಿಯಾರ ಒಯ್ದರು. ಅಲಾರಂ ಮುಳ್ಳು ತಿರುಗಿಸಿ ಕೊಡಬೇಕೆಂಬುದು ಅಂಗಡಿಯಲ್ಲಿ ಒಬ್ಬರಿಗೂ ನೆನಪಾಗಲಿಲ್ಲ.

ಮುಂದಿನ ಸೋಮವಾರ ಬೆಳಿಗ್ಗೆ ಬಾಗಿಲಲ್ಲಿ ಜಾತ್ರೆ. "ಒಂದೂವರೆಗೆ ಬಡ್ಕೊಳ್ತು ನೋಡಿ, ಬೆಚ್ಚಿಬಿದ್ದು ತೋಳು ಕತ್ತರಿಸ್ಬಿಟ್ಟೆ," ಎಂದ ದರ್ಜಿ. ಬೆಲ್ಟಕ್ಕ ಹೌಹಾರಿದ್ದು ಕಂಡು, "ನಂದಲ್ಲಮ್ಮ, ಗಿರಾಕಿ ಕೋಟಿಂದು," ಎಂದು ಸೇರಿಸಿದ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿದ್ದವನು ಹಾರಿದ ಹಾರಿಕೆಗೆ ಹಲ್ಲು ತಾನಾಗಿ ಕೈಗೆ ಬಂದಿತ್ತಂತೆ. ನಿವೃತ್ತ ಮೇಷ್ಟ್ರ ಮನೆಯಲ್ಲಿ ರಾತ್ರಿ ಒಂದೂವರೆಗೂ ಹೊಡೆದು, ಗಂಡ ಹೆಂಡತಿ ಎದ್ದು ಹಲ್ಲುಜ್ಜಿ ಮುಗಿಸಿದ ಮೇಲೆ ಕಿಟಕಿ ನೋಡಿದರಂತೆ.

ಯಜಮಾನ ಬೆವೆತುಹೋದ. ಕೈಮುಗಿದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. "ಅದು ನಮ್ಮ ದೊಡ್ಡಪ್ಪನ ಪ್ರಾರ್ಥನೆ ಹೊತ್ತು. ನನ್ನ ಬಾಯಿ ಕಟ್ಟೋಕೆ ಅಂತ ಇಟ್ಟಿದ್ದೆ, ಮರೆತೆ. ಕೊಡಿ, ಸರಿ ಮಾಡ್ತೀನಿ."

ಮೇಷ್ಟ್ರು ಚಾಚಿದ ಗಡಿಯಾರವನ್ನು ಹಿಂದಕ್ಕೆ ಎಳೆದುಕೊಂಡರು. "ಅಯ್ಯೋ, ನಾನು ಯಾವಾಗ್ಲೂ ಆ ಹೊತ್ತಿಗೇ ಬಂದು ಅವರನ್ನ ಎಬ್ಬಿಸ್ತಿದ್ದೆನಲ್ಲಪ್ಪ. ಮೊದಲೇ ಹೇಳ್ಬಾರ್ದಾ? ಇರ್ಲಿ ಬಿಡು, ಮಾತ್ರೆ ನುಂಗೋಕೂ ನೆನಪಾಗುತ್ತೆ. ರಾತ್ರಿಗೆ ಗುಂಡಿ ಒತ್ತಿ ಮಲಗಿದ್ರಾಯ್ತು."

"ನಂಗೂ ಊಟದ ನೆನಪಾಗುತ್ತೆ," ಎಂದ ದರ್ಜಿ.

ಅಂದು ಒಂದೂವರೆಗೆ ದರ್ಜಿಯ ಮಹಡಿ ಬಡಿದುಕೊಂಡಿತು, ಎದುರಿನ ಡಾಕ್ಟರ ಕೋಣೆ ಬಡಿದುಕೊಂಡಿತು, ತಿರುವಿನಾಚೆ ಮೇಷ್ಟ್ರ ಮನೆಯೂ ಸೇರಿತು. ಬೀದಿಗೆ ಬೀದಿಯೇ ಗಣಗಣ. ಯಜಮಾನ ಬಾಯಿ ಅರ್ಧ ತೆರೆದು ಕಾದು ಕೂತ. ಅಂಗಡಿ ಮೆಟ್ಟಿಲು ಒಬ್ಬರೂ ಹತ್ತಲಿಲ್ಲ. ಬೆಲ್ಟಕ್ಕ ಸೆರಗು ಬಾಯಿಗಿಟ್ಟುಕೊಂಡು ನಗುತ್ತಲೇ ಇದ್ದಳು. ದೊಡ್ಡಪ್ಪ ಅರ್ಧ ಗಂಟೆ ಪೂರ್ತಿ ಮುಗಿಸಿ ಹೊರಬಂದರು. ಭೂತಗನ್ನಡಿ ಸಿಕ್ಕಿಸಿಕೊಂಡು ಕೆಲಸಕ್ಕೆ ಕೂತರು.

ತಿಂಗಳ ಕೊನೆಯ ದಿನ ಬಂದೇ ಬಂತು. ಬೆಳಿಗ್ಗೆ ದೊಡ್ಡಪ್ಪ ತಮ್ಮ ಸಲಕರಣೆ ಚೀಲ ಬಿಚ್ಚುತ್ತ ಕೂತಿದ್ದರು. ಯಜಮಾನ ಅತ್ತ ನೋಡದೆ ಅದೇ ಗಾಜನ್ನು ಮತ್ತೆ ಮತ್ತೆ ಒರೆಸುತ್ತಿದ್ದ. ಸರಿಯಾಗಿ ಹತ್ತಕ್ಕೆ ಅವನ ಮೊಣಕೈ ಬಳಿ ಏನೋ ಕಿಣಿಕಿಣಿ ಎಂದಿತು. ಅಪ್ಪನ ಪುಟ್ಟ ಗಡಿಯಾರ, ಅವರು ಹೋದಾಗಿನಿಂದ ಕೆಟ್ಟು ನಿಂತದ್ದು. ಪಕ್ಕದಲ್ಲಿ ಅಪ್ಪನ ಪ್ರಾರ್ಥನೆಯ ಪುಸ್ತಕ, ಧೂಳು ಒರೆಸಿ ಇಟ್ಟಿತ್ತು.

"ನಿಮ್ಮಪ್ಪ ದಿನಾ ಹತ್ತಕ್ಕೆ ಒಂದು ಪುಟ ಓದ್ತಿದ್ದ," ಎಂದರು ದೊಡ್ಡಪ್ಪ. "ನೀನು ಎರಡು ವರ್ಷದಿಂದ ಮುಟ್ಟಿಲ್ಲ."

"ದೊಡ್ಡಪ್ಪಾ, ಇವತ್ತು ಕೊನೇ ದಿನ."

"ಗೊತ್ತು. ಇದಕ್ಕೆ ದಿನಾ ಕೀಲಿ ಕೊಡ್ಬೇಕು. ನಿಂಗೆಲ್ಲಿ ಬರುತ್ತೆ? ನಾನೇ ಕೊಡ್ತೀನಿ."

ಪುಸ್ತಕ ತೆರೆದ ಯಜಮಾನನಿಗೆ ಅಕ್ಷರಗಳೆಲ್ಲ ಕಲಸಿಹೋದವು. ಕಣ್ಣೊರೆಸಿಕೊಂಡು ಮೊದಲ ಸಾಲಿಗೆ ಬೆರಳಿಟ್ಟ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಗಿರಾಕಿಯ ನೆರಳು ಬಿತ್ತು, ಅವನ ಬಾಯಿ ತೆರೆಯಿತು. ದೊಡ್ಡಪ್ಪ ಅವನ ಹೆಗಲು ಅದುಮಿ ಕೂರಿಸಿ, ತಾವೇ ಬಾಗಿಲಿಗೆ ಹೋದರು.

"ಬನ್ನಿ ಬನ್ನಿ," ಎಂದರು ಮೆಲ್ಲಗೆ. "ಒಂದೇ ನಿಮಿಷ ಕೂತ್ಕೊಳ್ಳಿ. ನಮ್ಮ ಹುಡುಗ ಪ್ರಾರ್ಥನೆಗೆ ಕೂತಿದ್ದಾನೆ."