ಎಲ್ಲಿ ನೋವು

ಕೋಪರಖೈರಣೆಯ ಕನ್ನಡ ಶಾಲೆಯಲ್ಲಿ ಪಿ.ಟಿ. ಮಾಸ್ತರರು ನಿವೃತ್ತರಾದ ವರ್ಷ, ಆರೋಗ್ಯ ಮತ್ತು ದೈಹಿಕ ಶಿಕ್ಷಣದ ಪಾಠವೂ ಮೂರನೇ ತರಗತಿಯ ಟೀಚರ್ ಹರಿಣಾಕ್ಷಿಯ ಪಾಲಿಗೆ ಬಂತು. ತರಬೇತಿಗೆ ನೌಪಾಡಾಕ್ಕೆ ಹೋಗಬೇಕೆಂದಾಗ ಅವಳು ಹ್ಞೂಂ ಎಂದಳು. ಗಂಡ ಸರ್ವೋತ್ತಮ ದೀಪಾವಳಿಯ ಮುಂಚೆ ತೀರಿಕೊಂಡ ಮೇಲೆ ಯಾರು ಏನೆಂದರೂ ಹಾಗೆಯೇ. ಅವಳು ಅತ್ತಿರಲಿಲ್ಲ. ಊಟ ರುಚಿಸುತ್ತಿರಲಿಲ್ಲ, ಹಾಗೆಂದು ಬಿಟ್ಟದ್ದೂ ಇಲ್ಲ.

ತರಬೇತಿ ಕೊಡಲು ಬಂದ ವೈಶಾಲಿ ವಿಜಾಪುರದ ಕಡೆಯವಳು, ಮನೆ ಡೊಂಬಿವಲಿಯಲ್ಲಿ. ಸೆರಗು ಸಿಕ್ಕಿಸಿಕೊಂಡು ಟೀಚರುಗಳನ್ನೆಲ್ಲ ಖೋಖೋಗೆ ಕೂರಿಸಿದಳು.

"ನೀವ ಓಡಲಿಲ್ಲಂದ್ರ ಹುಡುಗ್ರು ಯಾಕ ಓಡ್ತಾವ್ರೀ?"

ಬೆನ್ನಿಗೆ ಖೋ ಬಿದ್ದಾಗ ಹರಿಣಾಕ್ಷಿ ಎದ್ದು ಓಡಿದಳು. ತಿರುವಿನಲ್ಲಿ ಜಾರಿ ಬಿದ್ದಳು, ಎದ್ದು ಮತ್ತೆ ಓಡಿದಳು.

ಆಮೇಲೆ ಆರೋಗ್ಯದ ಪಾಠ. ತಮ್ಮ ನೋವನ್ನು ಹೇಳಿಕೊಳ್ಳಲು ಸಣ್ಣ ಮಕ್ಕಳಿಗೆ ಹೇಗೆ ಕಲಿಸಬೇಕು ಎಂಬುದು. ವೈಶಾಲಿ ಟೀಚರ್ ಆದಳು, ಹರಿಣಾಕ್ಷಿ ಮಗು.

"ಎಲ್ಲಿ ನೋವಾಗೇತಿ, ಪುಟ್ಟಿ?"

"ಎಲ್ಲಿಯೂ ಇಲ್ಲ."

"ಇದು ನಾಟಕರೀ. ಏನರ ಹೇಳ್ರಿ."

"ಇಲ್ಲ ಮೇಡಂ. ನನಗೆ ಎಲ್ಲಿಯೂ ನೋವಿಲ್ಲ."

ಯಾರೋ ನಕ್ಕರು. ವೈಶಾಲಿ ನಗಲಿಲ್ಲ. ಹರಿಣಾಕ್ಷಿಯ ಮೊಣಕಾಲಿನ ಬಳಿ ಸೀರೆ ರಕ್ತದಲ್ಲಿ ಒದ್ದೆಯಾಗಿತ್ತು. ನಲ್ಲಿಯ ಹತ್ತಿರ ಗಾಯ ತೊಳೆಯುತ್ತ ವೈಶಾಲಿ ಕೇಳಿದಳು, "ಉರಿಯಂಗಿಲ್ಲೇನ್ರೀ?"

"ಗೊತ್ತಾಗ್ಲಿಲ್ಲ. ನಮ್ಮವ್ರಿಗೂ ಎದೆಯಲ್ಲಿ ಎಂತದೋ ಆಗ್ತಿತ್ತು. ಗ್ಯಾಸ್ ಅಂತ ಹೇಳಿ ಮಹಾಪೆಗೆ ಡ್ಯೂಟಿಗೆ ಹೋದ್ರು. ಅಲ್ಲೇ ತೀರಿಹೋದ್ರು."

ಬೇರೆ ಯಾರದೋ ಮನೆಯ ಸುದ್ದಿ ಹೇಳುವಂತೆ ಹೇಳಿದಳು. ವೈಶಾಲಿ ಪಟ್ಟಿ ಕಟ್ಟಿ, "ಈ ಪಾಠ ನಿಮ್ಮ ಮಕ್ಕಳಿಗೆ ಮೊದಲ ಮಾಡ್ರಿ" ಎಂದಳು.

ಶಾಲೆಗೆ ಮರಳಿ ಹರಿಣಾಕ್ಷಿ ಹಾಗೆಯೇ ಮಾಡಿದಳು. ಬೋರ್ಡಿನ ಮೇಲೆ ಒಂದು ಮಗುವಿನ ಚಿತ್ರ ಬರೆದು, ಎಲ್ಲಿ ನೋವು ತೋರಿಸಿ ಎಂದು ಒಬ್ಬೊಬ್ಬರನ್ನೇ ಕರೆದಳು. ಹೆಚ್ಚಿನ ಮಕ್ಕಳು ಸುಮ್ಮನೆ ಮೂಗು, ಕಿವಿ ತೋರಿಸಿ ನಕ್ಕು ಹೋದರು. ದಿಶಾ ಮಾತ್ರ ಹೊಟ್ಟೆಯ ಬಲಗಡೆ ಬೆರಳಿಟ್ಟು ಅಲ್ಲಿಯೇ ನಿಂತಳು.

"ಸಚ್ಚೀ ಮೇ ದುಖತಾ ಹೈ, ಟೀಚರ್. ಕಲ್ ಸೇ."

ನಿನ್ನೆಯಿಂದ ನಿಜಕ್ಕೂ ನೋವಂತೆ. ಮುಟ್ಟಿದರೆ ಮೈ ಸುಡುತ್ತಿತ್ತು. ಹರಿಣಾಕ್ಷಿ ಅವಳ ತಾಯಿಗೆ ಫೋನ್ ಮಾಡಿಸಿ, ರಿಕ್ಷಾದಲ್ಲಿ ತಾನೇ ಆಸ್ಪತ್ರೆಗೆ ಕರೆದೊಯ್ದಳು. ಅಪೆಂಡಿಕ್ಸ್. ಅಂದೇ ಆಪರೇಶನ್ ಆಯಿತು.

ಮಗು ಹುಷಾರಾದ ಮೇಲೆ ತಾಯಿ ಶಾಲೆಗೆ ಬಂದು, ಹರಿಣಾಕ್ಷಿಯ ಕೈ ಹಿಡಿದುಕೊಂಡು ಅತ್ತಳು. "ನೀವು ಕೇಳಿದ್ದಕ್ಕೆ ಅವಳು ಹೇಳಿದ್ದು ಟೀಚರ್. ಮನೆಯಲ್ಲಿ ಒಂದು ಮಾತೂ ಆಡಿರ್ಲಿಲ್ಲ."

ಆ ಬಿಸಿ ಕೈಗಳ ನಡುವೆ ತನ್ನ ಕೈ ಇರುವುದನ್ನು ಹರಿಣಾಕ್ಷಿ ನೋಡಿದಳು. ಸಂತೋಷವಾಗಬೇಕಿತ್ತು, ಆಗಲಿಲ್ಲ. ಬಿಡಿಸಿಕೊಳ್ಳಬೇಕೆಂದೂ ಅನಿಸಲಿಲ್ಲ. ಗಂಟೆ ಹೊಡೆಯುವ ತನಕ ಹಾಗೆಯೇ ನಿಂತಿದ್ದು, ಆಮೇಲೆ ಮಕ್ಕಳನ್ನು ಸಾಲು ಮಾಡಿಸಿ ಮೈದಾನಕ್ಕೆ ಹೊರಟಳು.